ಯಂತ್ರದ ಜತೆಗೆ ಅದರ ಪ್ರೋಗ್ರಾಮೂ ಕೊಂಡವರ ಕೈಸೇರಲಿ

ಮಾನ್ಯ ಸಂಪಾದಕರೇ,

ಕಳೆದ ಸುಗ್ಗಿಯಲ್ಲಿ ದಾವಣಗೆರೆ ಹೊರವಲಯದ ಒಂದು ಅಕ್ಕಿ ಗಿರಣಿಯ ಡ್ರೈಯರ್ ನಾಲ್ಕು ದಿನ ನಿಂತಿತ್ತು. ಮೋಟಾರು ಸುಟ್ಟಿರಲಿಲ್ಲ, ಬಾಯ್ಲರ್‌ನಲ್ಲಿ ಉಗಿಗೂ ಕೊರತೆ ಇರಲಿಲ್ಲ. ನಿಯಂತ್ರಣ ಪ್ಯಾನೆಲ್ ಒಳಗಿದ್ದು ಮೋಟಾರುಗಳನ್ನು ತಾನಾಗಿ ಚಾಲೂ-ಬಂದ್ ಮಾಡುವ ಪುಟ್ಟ ಕಂಪ್ಯೂಟರು, ಅಂದರೆ ಪಿಎಲ್‌ಸಿಯಲ್ಲಿದ್ದ ಪ್ರೋಗ್ರಾಮ್ ಅಳಿಸಿಹೋಗಿತ್ತು. ಅದರ ಇನ್ನೊಂದು ಪ್ರತಿ ಗಿರಣಿಯವರ ಬಳಿ ಇರಲಿಲ್ಲ. ಮೂವತ್ತು ವರ್ಷ ನೂಲಿನ ಗಿರಣಿಯ ವಿದ್ಯುತ್ ವಿಭಾಗದಲ್ಲಿ ದುಡಿದು, ನಿವೃತ್ತಿಯ ನಂತರ ಸಣ್ಣಪುಟ್ಟ ಪ್ಯಾನೆಲ್ ರಿಪೇರಿ ಮಾಡಿಕೊಂಡಿರುವ ನನ್ನನ್ನು ಗಿರಣಿ ಮಾಲೀಕರು ಕರೆಸಿಕೊಂಡಾಗ, ಬೇಯಿಸಿದ ಭತ್ತ ಅಂಗಳದಲ್ಲಿ ರಾಶಿ ಬಿದ್ದಿತ್ತು. ಕುಸುಬಲಕ್ಕಿಗೆಂದು ನೆನೆಸಿ ಬೇಯಿಸಿದ ಭತ್ತವನ್ನು ಆಗಿಂದಾಗಲೇ ಒಣಗಿಸದಿದ್ದರೆ ಅದು ಹುಳಿತು, ವಾಸನೆ ಹಿಡಿದು, ಅಕ್ಕಿಯ ಬಣ್ಣ ಕೆಡುತ್ತದೆ ಎಂಬುದನ್ನು ಈ ಭಾಗದ ಓದುಗರಿಗೆ ಹೇಳಬೇಕಾಗಿಲ್ಲ. ಹಮಾಲರು ಭತ್ತವನ್ನು ಬಿಸಿಲಿಗೆ ಹರವುತ್ತಿದ್ದರು, ಆದರೆ ಮೋಡ ಕವಿದಿತ್ತು.

ನಡೆದದ್ದು ಇಷ್ಟು. ಹಳೆಯ ಮಾದರಿಯ ಎಷ್ಟೋ ಪಿಎಲ್‌ಸಿಗಳಲ್ಲಿ ಪ್ರೋಗ್ರಾಮ್ ಉಳಿಯುವುದು ಒಳಗಿನ ಪುಟ್ಟ ಲಿಥಿಯಂ ಬ್ಯಾಟರಿಯ ಬಲದಿಂದ. ಅದರ ಶಕ್ತಿ ಕುಂದಿದಾಗ ಮುಂಭಾಗದಲ್ಲಿ ಒಂದು ಸಣ್ಣ ದೀಪ ಹೊತ್ತಿಕೊಳ್ಳುತ್ತದೆ. ಆ ಗಿರಣಿಯಲ್ಲಿ ಆ ದೀಪ ತಿಂಗಳುಗಟ್ಟಲೆ ಉರಿದಿತ್ತು; ಪ್ಯಾನೆಲ್ ಬಾಗಿಲು ತೆಗೆದು ನೋಡಿದವರಿಗೆ ಅದರ ಅರ್ಥ ಗೊತ್ತಿರಲಿಲ್ಲ, ಗೊತ್ತುಮಾಡಿಸಬೇಕಿದ್ದವರು ಬರುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಹಬ್ಬಕ್ಕೆಂದು ಗಿರಣಿ ಮುಚ್ಚಿ ಮೇನ್ ಸ್ವಿಚ್ ಇಳಿಸಿದ ಮೂರು ದಿನಗಳಲ್ಲಿ ಪ್ರೋಗ್ರಾಮ್ ಮಾಯವಾಯಿತು. ಕೆಲವು ನೂರು ರೂಪಾಯಿಯ ಬ್ಯಾಟರಿ ಬದಲಿಸದ ತಪ್ಪು ಗಿರಣಿಯವರದೇ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ತಪ್ಪನ್ನು ಅರ್ಧ ಗಂಟೆಯಲ್ಲಿ ಸರಿಪಡಿಸಲು ಬೇಕಾದದ್ದು ಪ್ರೋಗ್ರಾಮಿನ ಒಂದು ಪ್ರತಿ ಮಾತ್ರ, ಅದನ್ನು ಯಂತ್ರ ಮಾರಿದವರು ಕೊಟ್ಟೇ ಇರಲಿಲ್ಲ. ಹೊರ ರಾಜ್ಯದ ಆ ಸಂಸ್ಥೆಗೆ ಫೋನು ಮಾಡಿದರೆ, ಡ್ರೈಯರ್ ವಿಭಾಗವನ್ನು ಮುಚ್ಚಿದ್ದೇವೆ, ಅದನ್ನು ಬರೆದ ಹುಡುಗ ಕೆಲಸ ಬಿಟ್ಟಿದ್ದಾನೆ ಎಂಬ ಉತ್ತರ ಬಂತು. ಆ ಪಿಎಲ್‌ಸಿಗೆ ಬರೆಯುವ ತಂತ್ರಾಂಶವೂ ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರಿನಲ್ಲಿ ಮಾತ್ರ ಓಡುವಂಥದ್ದು. ಆ ಎಕ್ಸ್‌ಪಿಗೆ ಅದರ ತಯಾರಕರೇ 2014ರಲ್ಲಿ ಬೆಂಬಲ ನಿಲ್ಲಿಸಿದ್ದಾರೆ. ಕೊನೆಗೆ ನಾನೂ ನನ್ನ ಜತೆಗಾರನೂ ಒಂದೊಂದೇ ತಂತಿ ಹಿಡಿದು, ಯಾವ ಸೆನ್ಸರ್ ಯಾವ ಇನ್‌ಪುಟ್‌ಗೆ, ಯಾವ ಕಾಂಟ್ಯಾಕ್ಟರ್ ಯಾವ ಔಟ್‌ಪುಟ್‌ಗೆ ಎಂದು ರಟ್ಟಿನ ಮೇಲೆ ಬರೆದುಕೊಂಡು, ಬೇರೊಂದು ಪಿಎಲ್‌ಸಿ ಕೂರಿಸಿ, ಎಲ್ಲವನ್ನೂ ಮೊದಲಿನಿಂದ ಬರೆದೆವು. ಎಲಿವೇಟರ್, ಸ್ಕ್ರೂ ಕನ್ವೇಯರ್, ಬ್ಲೋವರ್‌ಗಳನ್ನು ಭತ್ತ ಹೊರಬೀಳುವ ಕೊನೆಯಿಂದ ಶುರುಮಾಡಿ ಮೊದಲಿನವರೆಗೆ ಸರದಿಯಲ್ಲಿ ಚಾಲೂ ಮಾಡಬೇಕು, ಇಲ್ಲದಿದ್ದರೆ ಭತ್ತ ನಡುವೆ ಗಂಟು ಕಟ್ಟಿಕೊಳ್ಳುತ್ತದೆ. ಯಾವುದರ ನಡುವೆ ಎಷ್ಟು ಸೆಕೆಂಡ್ ಅಂತರ ಎಂಬುದನ್ನು ಹೇಳಿದವನು ಇಪ್ಪತ್ತು ವರ್ಷದಿಂದ ಆ ಡ್ರೈಯರ್ ಓಡಿಸುತ್ತಿರುವ ಆಪರೇಟರ್. ಅವನ ನೆನಪಿನಲ್ಲಿ ಅದು ಉಳಿದಿತ್ತು ಎಂಬುದು ಗಿರಣಿಯ ಪುಣ್ಯ.

ಅದೇ ಓಟದಲ್ಲಿ ಪಕ್ಕದ ಪ್ಯಾನೆಲ್‌ನ ಪ್ರೋಗ್ರಾಮನ್ನಾದರೂ ನಕಲು ತೆಗೆದಿಡೋಣವೆಂದು ಕೇಬಲ್ ಹಾಕಿದರೆ, ಅದು ಪಾಸ್‌ವರ್ಡ್ ಕೇಳಿತು. ಲಕ್ಷಗಟ್ಟಲೆ ಕೊಟ್ಟು ಕೊಂಡ ಯಂತ್ರದ ಪಾಸ್‌ವರ್ಡ್ ಮಾಲೀಕರಿಗೇ ಗೊತ್ತಿಲ್ಲ! ಈ ಪತ್ರ ಬರೆಯಲು ಕೂತದ್ದು ಅದನ್ನು ಕಂಡ ಮೇಲೆ.

ಪಿಎಲ್‌ಸಿ ಎಂಬ ಈ ಪೆಟ್ಟಿಗೆ ಹುಟ್ಟಿದ ಕಥೆಯನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರದೆ ಇರದು. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ ತನ್ನ ಗೇರ್‌ಬಾಕ್ಸ್ ಕಾರ್ಖಾನೆಯಲ್ಲಿ ಪ್ರತಿ ಸಲ ಮಾದರಿ ಬದಲಾದಾಗಲೂ ರಿಲೇ ಎಂಬ ವಿದ್ಯುತ್‌ಚಾಲಿತ ಸ್ವಿಚ್ಚುಗಳಿದ್ದ ಗೋಡೆಯಗಲದ ಪ್ಯಾನೆಲ್‌ಗಳ ವೈರಿಂಗ್ ಕಿತ್ತು ಮತ್ತೆ ಕಟ್ಟುವ ತಾಪತ್ರಯದಿಂದ ಬೇಸತ್ತು, ಅದಕ್ಕೆ ಬದಲಾಗಿ ಒಂದು ವಿದ್ಯುನ್ಮಾನ ಸಾಧನ ಬೇಕೆಂದು ಕೇಳಿತು. ಡಿಕ್ ಮಾರ್ಲಿ ಮತ್ತು ಅವರ ಸಂಗಡಿಗರು ರೂಪಿಸಿದ ಮೋಡಿಕಾನ್ 084 ಹೀಗೆ ಬಂತು. ಅದು ಅವರ ಎಂಬತ್ತನಾಲ್ಕನೆಯ ಯೋಜನೆಯಾದ್ದರಿಂದ ಆ ಅಂಕಿ. ಅದರ ಪ್ರೋಗ್ರಾಮ್ ಏಣಿಯ ಆಕಾರದ ಲ್ಯಾಡರ್ ಚಿತ್ರದಲ್ಲೇ ಇದ್ದದ್ದಕ್ಕೆ ಕಾರಣ, ಕಾರ್ಖಾನೆಯ ಎಲೆಕ್ಟ್ರೀಷಿಯನ್‌ಗೆ ರಿಲೇ ಸರ್ಕ್ಯೂಟಿನ ಆ ಚಿತ್ರ ಮೊದಲೇ ಗೊತ್ತಿತ್ತು, ಅವನೇ ನೋಡಿ, ಅವನೇ ತಿದ್ದಿಕೊಳ್ಳಲಿ ಎಂಬುದು. ಎಲೆಕ್ಟ್ರೀಷಿಯನ್ ತಾನೇ ತಿದ್ದಿಕೊಳ್ಳಲೆಂದು ಹುಟ್ಟಿದ ಸಾಧನವನ್ನು ಅದೇ ಎಲೆಕ್ಟ್ರೀಷಿಯನ್‌ನಿಂದ ಮರೆಮಾಡಿ ಮಾರುವ ಪದ್ಧತಿ ಆಮೇಲೆ ಬಂದದ್ದು.

ಹಾಗೆ ನೋಡಿದರೆ ಇದಕ್ಕೆ ಎದುರಾದ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎರಡು ದಶಕಗಳೇ ಕಳೆದಿವೆ, ಆದರೂ ಅಲ್ಲಿ ತಯಾರಾದ ಲೇತ್‌ಗಳು ದಾವಣಗೆರೆ, ಚಿತ್ರದುರ್ಗಗಳ ವರ್ಕ್‌ಶಾಪುಗಳಲ್ಲಿ ಇಂದಿಗೂ ತಿರುಗುತ್ತಿವೆ. ಗೇರು ಸವೆದರೆ ಊರಿನ ಟರ್ನರ್ ಹಳೆಯದರ ಹಲ್ಲು ಎಣಿಸಿ, ಅಳತೆ ತೆಗೆದು ಹೊಸದು ಮಾಡಿಕೊಡುತ್ತಾನೆ. ಗೇರುಗಳಿರುವ ಹೆಡ್‌ಸ್ಟಾಕ್ ಪೆಟ್ಟಿಗೆಯ ಮುಚ್ಚಳ ತೆಗೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ತಯಾರಿಸಿದ ಕಂಪನಿ ಇಲ್ಲವಾದರೂ ಯಂತ್ರ ಬದುಕಿದೆ, ಏಕೆಂದರೆ ಅದರ ವಿದ್ಯೆ ಊರಿಗೆ ಇಳಿದಿತ್ತು. ಈಗಿನ ಡ್ರೈಯರ್ ಪ್ಯಾನೆಲ್‌ಗೆ ಆ ಭಾಗ್ಯವಿಲ್ಲ. (ಕೈಯಲ್ಲೇ ಹುರಿಯುವ ನಮ್ಮ ಮಂಡಕ್ಕಿ ಭಟ್ಟಿಯವರಿಗೆ ಈ ತಾಪತ್ರಯವೇ ಇಲ್ಲ ಎಂದು ಗಿರಣಿ ಮಾಲೀಕರು ಅಂದು ನಗುತ್ತಾ ಹೇಳಿದರು, ಭಟ್ಟಿಯ ಹೊಗೆ ಕುಡಿದವರು ಒಪ್ಪಲಾರರು.)

ಬೀಗ ಒಂದೇ ಅಲ್ಲ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು. ಪಾಸ್‌ವರ್ಡ್ ಕಣ್ಣಿಗೆ ಕಾಣುವ ಬೀಗ. ಪ್ರೋಗ್ರಾಮ್ ತೆರೆಯುವ ತಂತ್ರಾಂಶಕ್ಕೆ ಪ್ರತ್ಯೇಕ ಪರವಾನಗಿ, ಕೆಲವೊಮ್ಮೆ ಕಂಪ್ಯೂಟರಿಗೆ ಕೀಲಿಯಂತೆ ಸಿಕ್ಕಿಸುವ ಡಾಂಗಲ್. ಚಿಕ್ಕ ಪಿಎಲ್‌ಸಿಗಿಂತ ಅದರ ತಂತ್ರಾಂಶದ ಬೆಲೆಯೇ ಹೆಚ್ಚಾಗಿರುವುದನ್ನು ಕಂಡಿದ್ದೇನೆ. ಪಿಎಲ್‌ಸಿಯ ಭಾಷೆಗಳಿಗೆ 1993ರಿಂದಲೇ ಐಇಸಿ 61131-3 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ, ಹೀಗಾಗಿ ಒಂದು ಬ್ರಾಂಡ್ ಕಲಿತವನು ಇನ್ನೊಂದನ್ನು ಓದಬಲ್ಲ; ಆದರೆ ಒಂದು ಕಂಪನಿಯ ತಂತ್ರಾಂಶದಲ್ಲಿ ಬರೆದ ಕಡತ ಇನ್ನೊಂದರಲ್ಲಿ ಸಾಮಾನ್ಯವಾಗಿ ತೆರೆಯುವುದೇ ಇಲ್ಲ. ಕಡತಗಳನ್ನು ಅದಲುಬದಲು ಮಾಡಿಕೊಳ್ಳುವ ಸಮಾನ ರೂಪವೊಂದನ್ನು 2019ರಲ್ಲಿ 61131-10 ಎಂಬ ಭಾಗವಾಗಿ ಪ್ರಕಟಿಸಿದ್ದಾರೆ. ಅದನ್ನು ಬಳಸಲು ತೊಂದರೆಯೇನೆಂದು ಮಾರುವವರನ್ನು ನಾವು ಕೇಳುತ್ತಿಲ್ಲ, ಅವರಾಗಿ ಹೇಳುವುದೂ ಇಲ್ಲ.

ಎಲ್ಲಕ್ಕಿಂತ ಸಣ್ಣದಾಗಿ ಕಂಡು ಎಲ್ಲಕ್ಕಿಂತ ಹೆಚ್ಚು ಕಾಡುವುದು ರಿಜಿಸ್ಟರ್ ಪಟ್ಟಿ, ಅಂದರೆ ಸಾಧನದ ಯಾವ ಸಂಖ್ಯೆಯ ನೆನಪಿನ ಕೋಶದಲ್ಲಿ (ರಿಜಿಸ್ಟರಿನಲ್ಲಿ) ಯಾವ ಮಾಹಿತಿ ಇದೆ ಎಂಬ ಪಟ್ಟಿ. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್, ವಿದ್ಯುತ್ ಮೀಟರ್, ತಾಪಮಾನ ನಿಯಂತ್ರಕ ಇವೆಲ್ಲ ಪರಸ್ಪರ ಮಾತಾಡಲು ಬಳಸುವ ಮಾಡ್‌ಬಸ್ ಎಂಬ ವಿಧಾನ 1979ರಲ್ಲೇ ಬಂದದ್ದು, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದದ್ದು. ಆದ್ದರಿಂದ ನಮ್ಮ ಯಂತ್ರ 'ಓಪನ್' ಎಂದು ಮಾರಾಟಗಾರರು ಎದೆ ತಟ್ಟಿ ಹೇಳುತ್ತಾರೆ. ಎರಡು ತಂತಿ ಎಳೆದು ಕಂಪ್ಯೂಟರಿಗೆ ಜೋಡಿಸಿದರೆ ಅಂಕಿಗಳು ಬರುವುದೂ ನಿಜ. ಆದರೆ 653 ಎಂಬ ಅಂಕಿ ಬಂದರೆ ಅದು 65.3 ಡಿಗ್ರಿಯೋ, 653 ಆರ್‌ಪಿಎಮ್ಮೋ, ಯಾವುದಾದರೂ ದೋಷದ ಸಂಕೇತವೋ ಎಂದು ತಿಳಿಸುವುದು ಆ ಪಟ್ಟಿ ಮಾತ್ರ. ಪಟ್ಟಿ ಸಿಕ್ಕರೂ ಒಂದು ತೊಡಕಿದೆ: ಕಾಗದದ ಮೇಲೆ 40001 ಎಂದು, ಅಂದರೆ 4ನೇ ಬಗೆಯ ಮೊದಲ ರಿಜಿಸ್ಟರ್ ಎಂದು ಬರೆದದ್ದು, ತಂತಿಯಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಸೊನ್ನೆಯಾಗಿರುತ್ತದೆ, ಈ ಒಂದರ ವ್ಯತ್ಯಾಸ ಗೊತ್ತಿಲ್ಲದೆ ನಾನೊಮ್ಮೆ ಇಡೀ ಸಂಜೆ ಪಕ್ಕದ ರಿಜಿಸ್ಟರನ್ನು ಓದುತ್ತಾ ಕೂತಿದ್ದೆ. ಪಟ್ಟಿಯೇ ಇಲ್ಲದವನ ಪಾಡು ಹೇಗಿರಬಹುದು ನೋಡಿ. ವಿಧಾನ ಮುಕ್ತವಾಗಿದ್ದು ಪಟ್ಟಿ ಗುಟ್ಟಾಗಿದ್ದರೆ ಕೊಂಡವನಿಗೆ ದಕ್ಕುವುದು ಅಂಕಿಗಳ ರಾಶಿ ಅಷ್ಟೇ.

ಒಳಗಿನ ಬರಹವನ್ನು ಯಾರು ಬೇಕಾದರೂ ತೆರೆದು ನೋಡಿ ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶದ ಮಾತನ್ನು ನಾನು ಎತ್ತುವುದು ಇಲ್ಲಿ. ಆ ಗಿರಣಿಯಲ್ಲಿ ಡ್ರೈಯರ್‌ನ ತಾಪಮಾನವನ್ನು ಕಚೇರಿಯಲ್ಲಿ ಕೂತು ನೋಡಬೇಕೆಂಬುದು ಮಾಲೀಕರ ಬಹುದಿನದ ಆಸೆ. ಹಿಂದೆ ಅದಕ್ಕೆ ಕೇಳಿದ ದರ ಕೇಳಿ ಸುಮ್ಮನಾಗಿದ್ದರು. ಈ ಸಲ ಅವರ ಮಗ, ಎಂಜಿನಿಯರಿಂಗ್ ಓದುತ್ತಿರುವ ಹುಡುಗ, ಲೆಕ್ಕ ಬರೆಯುವ ಮೇಜಿನ ಕೆಳಗೆ ದೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಹಾಕಿ, ಅದರ ಮೇಲೆ ಸಾಧನಗಳಿಂದ ಮಾಹಿತಿ ಪಡೆದು ತೋರಿಸಬಲ್ಲ ನೋಡ್-ರೆಡ್ ಎಂಬ ತಂತ್ರಾಂಶ ಕೂರಿಸಿ, ಎರಡು ವಾರದ ಸಂಜೆಗಳಲ್ಲಿ ಗ್ರಾಫ್ ಮೂಡಿಸಿದ. ನೋಡ್-ರೆಡ್ 2013ರಲ್ಲಿ ಐಬಿಎಂ ಸಂಸ್ಥೆಯೊಳಗೆ ಹುಟ್ಟಿ ಮುಕ್ತವಾಗಿ ಹೊರಬಿದ್ದದ್ದು. ಮಾಹಿತಿ ಸಾಗಿಸಲು ಅವನು ಬಳಸಿದ ಎಂಕ್ಯೂಟಿಟಿ ಎಂಬ ವಿಧಾನ 1999ರಲ್ಲಿ ತೈಲ ಕೊಳವೆಗಳ ಮೇಲೆ ಉಪಗ್ರಹದ ಮೂಲಕ ನಿಗಾ ಇಡಲು ರೂಪುಗೊಂಡದ್ದು. ಕಡಿದುಹೋಗುವ ಸಂಪರ್ಕದಲ್ಲೂ ಕೆಲಸ ಮಾಡುವಂತೆ ಮಾಡಿದ್ದರಿಂದಲೇ ಅದು ನಮ್ಮ ಗಿರಣಿಯ ಆಗಾಗ ಹೋಗುವ ಕರೆಂಟಿಗೂ ಒಗ್ಗಿತು. ತಂತ್ರಾಂಶಕ್ಕೆ ಒಂದು ರೂಪಾಯಿಯನ್ನೂ ಕೊಡಬೇಕಾಗಲಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಅದಲ್ಲ. ನಾಳೆ ಆ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದರೆ, ಇದನ್ನು ಬಲ್ಲ ಇನ್ನೊಬ್ಬ ಬಂದು ತೆರೆದು ನೋಡಿ ಮುಂದುವರಿಸಬಹುದು.

ಮುಕ್ತ ತಂತ್ರಾಂಶವೆಂದರೆ ಸಕಲ ರೋಗಕ್ಕೂ ಮದ್ದು ಎನ್ನುವವರ ಸಾಲಿಗೆ ನಾನು ಸೇರುವುದಿಲ್ಲ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಬೋರ್ಡನ್ನು ಹಾಗೆಯೇ ತಂದು ಹೊಟ್ಟಿನ ದೂಳು, ಏಪ್ರಿಲ್ ಬಿಸಿಲು, ಕರೆಂಟಿನ ಏರಿಳಿತಗಳ ನಡುವೆ ಪಿಎಲ್‌ಸಿಯ ಜಾಗದಲ್ಲಿ ಕೂರಿಸಿದರೆ, ಅದರ ಮೆಮೊರಿ ಕಾರ್ಡ್ ಒಂದು ಮಳೆಗಾಲವೂ ಬಾಳದೆ ಹೋಗಬಹುದು. ಬಾಯ್ಲರ್‌ನ ನೀರಿನ ಮಟ್ಟ, ಒತ್ತಡ, ಪ್ರೆಸ್ ಯಂತ್ರದಲ್ಲಿ ಕೈ ಸಿಕ್ಕಿಕೊಳ್ಳದಂತೆ ತಡೆಯುವ ಗಾರ್ಡ್ ಇವಕ್ಕೆ ಸಂಬಂಧಿಸಿದ ಸುರಕ್ಷಾ ಸರ್ಕ್ಯೂಟುಗಳು ಪ್ರಮಾಣೀಕೃತ ಸಾಧನಗಳಲ್ಲೇ ಇರಬೇಕು, ಅಲ್ಲಿ ಪ್ರಯೋಗ ಕೂಡದು. ಬ್ರಾಂಡೆಡ್ ಪಿಎಲ್‌ಸಿ ಕೊಳ್ಳುವುದು ತಪ್ಪೇನಲ್ಲ. ನಾನೂ ಅದನ್ನೇ ಹಾಕುತ್ತೇನೆ. ಯಂತ್ರ ನಡೆಸುವ ಪೆಟ್ಟಿಗೆ ಯಾವ ಕಂಪನಿಯದಾದರೂ ಇರಲಿ, ಅದರಿಂದ ಹೊರಬರುವ ಮಾಹಿತಿ ಮುಕ್ತ ವಿಧಾನದಲ್ಲಿ ಬರಲಿ, ಆ ಮಾಹಿತಿಯನ್ನು ಕೂಡಿಡುವ, ತೋರಿಸುವ ಕೆಲಸಕ್ಕೆ ಮುಕ್ತ ತಂತ್ರಾಂಶವಿರಲಿ, ಪೆಟ್ಟಿಗೆಯೊಳಗಿನ ಪ್ರೋಗ್ರಾಮಿನ ಪ್ರತಿ ಮಾಲೀಕನ ಬೀರುವಿನಲ್ಲಿರಲಿ ಎಂಬಷ್ಟೇ ನನ್ನ ವಾದ. ಮುಂದೆ ನಿಯಂತ್ರಣದ ಕೆಲಸಕ್ಕೂ ದಾರಿ ತೆರೆಯುತ್ತಿದೆ: ಸೆಕೆಂಡಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ತಪ್ಪದೆ ಪ್ರತಿಕ್ರಿಯಿಸುವ ರಿಯಲ್-ಟೈಮ್ ಸಾಮರ್ಥ್ಯ ಎರಡು ದಶಕಗಳ ದುಡಿಮೆಯ ನಂತರ 2024ರಲ್ಲಿ ಲಿನಕ್ಸ್‌ನ ಮೂಲ ಆವೃತ್ತಿಗೇ ಸೇರಿದೆ.

ತೆರೆದಿಟ್ಟರೆ ಕಳ್ಳರು ನುಗ್ಗುತ್ತಾರೆ ಎಂಬ ಆಕ್ಷೇಪ ಯಾವಾಗಲೂ ಬರುತ್ತದೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಇರಾನಿನ ನತಾನ್ಜ್ ಪರಮಾಣು ಘಟಕದ ಯಂತ್ರಗಳನ್ನು ಕೆಡಿಸಿದ್ದು ಪೂರ್ತಿ ಮುಚ್ಚಿದ, ಹೆಸರಾಂತ ಕಂಪನಿಯ ಪಿಎಲ್‌ಸಿಗಳ ಮೂಲಕವೇ. ಹಾಗೆಂದು ಮಾಡ್‌ಬಸ್‌ನಂಥ ಹಳೆಯ ಮುಕ್ತ ವಿಧಾನಕ್ಕೆ ತನ್ನದೇ ಕಾವಲು ಇದೆ ಎಂದೂ ಭ್ರಮಿಸಬಾರದು. ಯಾರು ಕೇಳಿದರೂ ಅದು ಉತ್ತರ ಕೊಡುತ್ತದೆ. ಗಿರಣಿಯ ಪ್ಯಾನೆಲ್ಲನ್ನು ನೇರವಾಗಿ ಇಂಟರ್‌ನೆಟ್‌ಗೆ ಜೋಡಿಸಬೇಡಿ ಎಂದು ಆ ಹುಡುಗನಿಗೆ ನಾನು ಮೂರು ಸಲ ಹೇಳಿದ್ದೇನೆ.

ಮಾರುವವರ ಪಕ್ಷವನ್ನೂ ಕೇಳಬೇಕು. ಪ್ಯಾನೆಲ್ ಕಟ್ಟುವ ಸಣ್ಣ ಉದ್ಯಮಿಯೊಬ್ಬ ತಿಂಗಳುಗಟ್ಟಲೆ ಕೂತು ಬರೆದ ಪ್ರೋಗ್ರಾಮನ್ನು ಇನ್ನೊಬ್ಬ ನಕಲು ಮಾಡಿ ಅರ್ಧ ಬೆಲೆಗೆ ಮಾರಿದ್ದುಂಟು. ಗಿರಣಿಯವರೇ ಟೈಮರ್‌ಗಳನ್ನು ಮನಬಂದಂತೆ ಬದಲಿಸಿ, ಯಂತ್ರ ಕೆಟ್ಟಾಗ ವಾರಂಟಿಯಲ್ಲಿ ಮಾಡಿಕೊಡಿ ಎಂದು ಜಗಳಕ್ಕೆ ನಿಂತದ್ದನ್ನೂ ನೋಡಿದ್ದೇನೆ. ಇದಕ್ಕೆ ಪರಿಹಾರ ಇಲ್ಲದೇ ಇಲ್ಲ: ವಾರಂಟಿ ಇರುವಷ್ಟು ಕಾಲ ಪಾಸ್‌ವರ್ಡನ್ನು ಮೊಹರು ಹಾಕಿದ ಲಕೋಟೆಯಲ್ಲಿ ಕೊಡಲಿ, ಲಕೋಟೆ ಒಡೆದರೆ ವಾರಂಟಿ ಮುಗಿಯಿತು ಎಂದು ಬರೆದುಕೊಳ್ಳಲಿ. ನಕಲಿನ ವಿಷಯದಲ್ಲಿ ಕಾನೂನು ಮಾರುವವರನ್ನು ರಕ್ಷಿಸುತ್ತದೆ, ಆದರೆ ಅದೇ ಕಾನೂನು ಕೊಂಡವರನ್ನೂ ಮರೆತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಕಂಪ್ಯೂಟರ್ ಪ್ರೋಗ್ರಾಮನ್ನು ಕಾನೂನುಬದ್ಧವಾಗಿ ಹೊಂದಿರುವವರು ಅದು ನಷ್ಟವಾಗದಂತೆ ಪ್ರತಿ ಮಾಡಿಟ್ಟುಕೊಳ್ಳುವುದನ್ನು ಉಲ್ಲಂಘನೆಯೆಂದು ಪರಿಗಣಿಸುವುದಿಲ್ಲ. ಕಾನೂನು ತಡೆಯದ ಆ ಕೆಲಸವನ್ನು ತಡೆಯುತ್ತಿರುವುದು ಪಾಸ್‌ವರ್ಡ್.

ಖಾಸಗಿ ಗಿರಣಿಯಾದರೆ ನಷ್ಟ ಒಬ್ಬರದು. ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳ ಪಂಪ್‌ಹೌಸ್‌ಗಳಲ್ಲೂ ಈಗ ಇದೇ ಪಿಎಲ್‌ಸಿ, ಇದೇ ಟಚ್ ಸ್ಕ್ರೀನ್ ಬಂದಿವೆ. ಗುತ್ತಿಗೆದಾರನ ನಿರ್ವಹಣಾ ಅವಧಿ ಮುಗಿದ ದಿನ ಅವನ ಎಂಜಿನಿಯರ್ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಹೊರಟರೆ, ಪ್ರೋಗ್ರಾಮೂ ಅದರ ಜತೆ ಹೋಗುತ್ತದೆ. ನಾನು ನೋಡಿದ ಒಂದು ಪಂಪ್‌ಹೌಸ್‌ನಲ್ಲಿ ಸ್ವಯಂಚಾಲಿತ ವ್ಯವಸ್ಥೆ ಕೆಟ್ಟು, ವಾಟರ್‌ಮ್ಯಾನ್ ಸೆಲೆಕ್ಟರ್ ಸ್ವಿಚ್ಚನ್ನು ಮ್ಯಾನ್ಯುವಲ್‌ಗೆ ತಿರುಗಿಸಿ, ಟ್ಯಾಂಕ್ ತುಂಬಿ ಹರಿದ ಸದ್ದು ಕೇಳಿ ಮೋಟಾರು ಆರಿಸುತ್ತಿದ್ದ. ಟಚ್ ಸ್ಕ್ರೀನ್ ಮೇಲೆ ಅವನ ಟವೆಲ್ ಒಣಗುತ್ತಿತ್ತು. ಕೇಂದ್ರ ಸರ್ಕಾರ 2015ರಲ್ಲಿ ಪ್ರಕಟಿಸಿದ ಮುಕ್ತ ತಂತ್ರಾಂಶ ನೀತಿ, ಇ-ಆಡಳಿತದ ಟೆಂಡರ್‌ಗಳಲ್ಲಿ ಮುಕ್ತ ತಂತ್ರಾಂಶವನ್ನೂ ಪರಿಗಣಿಸಬೇಕು, ಬಿಟ್ಟರೆ ಬಿಟ್ಟದ್ದಕ್ಕೆ ಕಾರಣ ಕೊಡಬೇಕು ಎನ್ನುತ್ತದೆ. ಆ ಮಾತು ಕಚೇರಿಯ ಕಂಪ್ಯೂಟರುಗಳ ಕುರಿತದ್ದು. ಜನರ ತೆರಿಗೆಯಲ್ಲಿ ಕಟ್ಟಿದ ಪಂಪ್‌ಹೌಸ್‌ನ ಟೆಂಡರ್‌ಗೂ ಅದೇ ಒಂದು ವಾಕ್ಯವನ್ನು ಸೇರಿಸಲು ಅಡ್ಡಿಯೇನಿದೆ? ರಿಪೇರಿ ಹಕ್ಕಿನ ಕುರಿತು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ರಚಿಸಿದಾಗಲೂ ಕೃಷಿ ಉಪಕರಣ, ಮೊಬೈಲ್, ಗೃಹಬಳಕೆಯ ವಸ್ತುಗಳು, ವಾಹನ ಎಂಬ ನಾಲ್ಕು ವಲಯಗಳನ್ನು ಆರಿಸಿಕೊಂಡಿತು. ಭತ್ತದ ಗದ್ದೆ ಉತ್ತ ಟ್ರ್ಯಾಕ್ಟರ್ ಆ ಪಟ್ಟಿಯಲ್ಲಿದೆ, ಅದೇ ಭತ್ತ ಒಣಗಿಸಿದ ಯಂತ್ರ ಇಲ್ಲ.

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳೂ ಎರಡು ಜಿಲ್ಲೆಗಳ ಐಟಿಐಗಳೂ ಇದರಲ್ಲಿ ಮಾಡಬಹುದಾದ ಕೆಲಸವಿದೆ. ಒಂದೇ ಬ್ರಾಂಡಿನ ದುಬಾರಿ ಕಿಟ್ಟನ್ನು ಗಾಜಿನ ಬೀರುವಿನಲ್ಲಿಟ್ಟು ವರ್ಷಕ್ಕೆರಡು ಸಲ ತೋರಿಸುವ ಬದಲು, ಓಪನ್‌ಪಿಎಲ್‌ಸಿ ಎಂಬ ಉಚಿತ ಮುಕ್ತ ತಂತ್ರಾಂಶದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಕಂಪ್ಯೂಟರಿನಲ್ಲೇ ಲ್ಯಾಡರ್ ಬರೆದು, ಆರ್ಡುಯಿನೊ ಎಂಬ ಅಗ್ಗದ ಪುಟ್ಟ ನಿಯಂತ್ರಕ ಬೋರ್ಡಿನಲ್ಲಿ ಓಡಿಸಿ ನೋಡಬಹುದು. ಮೊದಲೇ ಹೇಳಿದ ಅಂತರರಾಷ್ಟ್ರೀಯ ಮಾನದಂಡದ ಭಾಷೆಗಳು ಅದರಲ್ಲಿವೆ. ಕೈಯಾರೆ ಬರೆದು ಕೆಡಿಸಿ ಕಲಿತ ಹುಡುಗನಿಗೆ ಬ್ರಾಂಡ್ ಬದಲಾದರೆ ಹೆದರಿಕೆ ಇರುವುದಿಲ್ಲ.

ತಕ್ಷಣಕ್ಕೆ ನನ್ನ ಕೋರಿಕೆ ಇರುವುದು ಅಕ್ಕಿ ಗಿರಣಿ, ಎಣ್ಣೆ ಗಿರಣಿ ಮಾಲೀಕರಿಗೆ ಮತ್ತು ಅವರ ಸಂಘಗಳಿಗೆ. ಹಣ ಕೊಟ್ಟ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ. ಪರ್ಚೇಸ್ ಆರ್ಡರ್‌ನಲ್ಲಿ ಬರೆದು, ಕೊನೆಯ ಹತ್ತು ಪ್ರತಿಶತ ಹಣವನ್ನು ಕಾಗದಪತ್ರ ಕೈಸೇರುವವರೆಗೆ ಹಿಡಿದಿಟ್ಟರೆ ಎಲ್ಲವೂ ತಾನಾಗಿ ಬರುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿ ನಡೆಸುವ ನನ್ನ ಪರಿಚಿತರೊಬ್ಬರು ಹೀಗೆ ಮಾಡಿದರು. ಕಮಿಷನಿಂಗ್‌ಗೆ ಬಂದ ಎಂಜಿನಿಯರ್ ಮೊದಲು ನಮ್ಮ ಕಂಪನಿಯಲ್ಲಿ ಪದ್ಧತಿ ಇಲ್ಲ ಎಂದ, ಸಂಜೆ ಹೊತ್ತಿಗೆ ಪೆನ್ ಡ್ರೈವ್ ತೆಗೆದ. ಆ ಪ್ರತಿಯನ್ನು ಇನ್ನೊಂದು ಪಿಎಲ್‌ಸಿಗೆ ಹಾಕಿ ಓಡಿಸಿ ನೋಡದೆ ಸಹಿ ಮಾಡಬೇಡಿ ಎಂದು ನಾನು ಮೊದಲೇ ಎಚ್ಚರಿಸಿದ್ದೆ, ಏಕೆಂದರೆ ಯಾವ ಸಾಲು ಏನು ಮಾಡುತ್ತದೆಂದು ತಿಳಿಸುವ ಟಿಪ್ಪಣಿಗಳನ್ನೆಲ್ಲ ಅಳಿಸಿದ ಅರೆಬರೆ ಕಡತ ಕೊಟ್ಟು ಹೋಗುವುದೂ ಉಂಟು.

ಈ ಷರತ್ತುಗಳನ್ನು ಅರ್ಧ ಪುಟದಷ್ಟು ಕನ್ನಡದಲ್ಲಿ ಬರೆದಿಟ್ಟಿದ್ದೇನೆ: ಟಿಪ್ಪಣಿ ಸಹಿತ ಪ್ರೋಗ್ರಾಮ್, ಪಾಸ್‌ವರ್ಡ್, ರಿಜಿಸ್ಟರ್ ಪಟ್ಟಿ, ವೈರಿಂಗ್ ನಕ್ಷೆ, ಬ್ಯಾಟರಿ ಬದಲಿಸಬೇಕಾದ ದಿನಾಂಕ. ದಾವಣಗೆರೆಯ ಆ ಗಿರಣಿಯ ಪ್ಯಾನೆಲ್ ಬಾಗಿಲ ಒಳಮೈಗೆ ಅದನ್ನು ಅಂಟಿಸಿ, ಪಕ್ಕದಲ್ಲಿ ಬ್ಯಾಟರಿಯ ತಾರೀಖನ್ನು ಮಾರ್ಕರ್‌ನಲ್ಲಿ ಬರೆದಿದ್ದೇವೆ. ಗಿರಣಿ ಮಾಲೀಕರ ಸಂಘದವರು ಬಯಸಿದರೆ ಪ್ರತಿ ಕೊಡುತ್ತೇನೆ. ಅವರು ತಮಗೆ ಬೇಕಾದಂತೆ ತಿದ್ದಿ, ಅಚ್ಚು ಹಾಕಿಸಿ ಹಂಚಿಕೊಳ್ಳಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಎಲೆಕ್ಟ್ರಿಕಲ್ ಮೇಲ್ವಿಚಾರಕ,
ದಾವಣಗೆರೆ